ಎತ್ತ ಹೊಂಟಾಳ

ಗಂಜಿನ ಹಿಂದೆ, ತೊಗರಿ ಅಂಗಡಿಯ ಮಾಳಿಗೆ ಮೇಲೆ
ನನ್ನ ಎಡಿಟಿಂಗ್ ಕೋಣೆ.
ಕಿಟಕಿ ತೆಗೆದರೆ ಅರಳೆಯ ಧೂಳು ಕೀಬೋರ್ಡಿಗೆ,
ಮುಚ್ಚಿದರೆ ರಾಯಚೂರಿನ ಮೇ ತಿಂಗಳು.

ಆರನೇ ಶಾಟಿನವರೆಗೆ ಎಲ್ಲ ಸರಿ ಇತ್ತು.
ಹುಲಿಗೆಮ್ಮ ಗಂಡನ ಮನೆ ಬಿಟ್ಟು ಹೊರಟಿದ್ದಳು,
ಕೈಯಲ್ಲಿ ಗೊಬ್ಬರದ ಗೋಣಿಯಿಂದ ಹೊಲಿದ ಚೀಲ,
ಪರದೆಯ ಎಡದಿಂದ ಬಲಕ್ಕೆ.
ಹೊಸ್ತಿಲು, ಓಣಿ, ನಲ್ಲಿ ಮುಂದಿನ ಕೊಡಗಳು,
ಹಿಟ್ಟಿನ ಗಿರಣಿ, ಡಾಂಬರು ರಸ್ತೆ,
ಎಲ್ಲವೂ ಎಡಕ್ಕೆ ಸರಿಯುತ್ತ ಹೋದವು, ಅವಳು ಬಲಕ್ಕೆ,
ಕನ್ನಡದ ಸಾಲೊಂದು ತನ್ನ ಕ್ರಿಯಾಪದದ ಕಡೆಗೆ ಹೋಗುವ ಹಾಗೆ.

ಏಳನೆಯದರಲ್ಲಿ ವಾಪಸ್ ಬರುತ್ತಿದ್ದಾಳೆ.

ಚಹಾ ತಂದ ಅಯ್ಯಣ್ಣನೂ ನಿಂತು ನೋಡಿದ:
‘ಹೊಂಟಾಕಿ ತಿರುಗಿ ಬಂದ್ಲಲ್ರಿ ಮತ್ತ.’

ಬಂದಿಲ್ಲ. ನನಗೆ ಗೊತ್ತು. ಅಲ್ಲೇ ಇದ್ದೆ,
ಕಲ್ಲೂರು ದಾಟಿದ ಮೇಲೆ, ನೀರಿನ ಬಾಟಲಿ ಹಿಡಿದು.
ಅದೇ ರಸ್ತೆ, ಅದೇ ನಡಿಗೆ,
ಅದೇ ಮಾನ್ವಿಯ ಕಡೆಗೆ ಮುಖ.
ದಾಟಿದ್ದು ಮೌಲಾಲಿ.
ನಲವತ್ತಮೂರು ಡಿಗ್ರಿ, ಆಚೆ ಬದಿಗೊಂದು ಬೇವಿನ ಮರ,
ಕ್ಯಾಮೆರಾ ಹೆಗಲಿಗೇರಿಸಿ ನೆರಳಿಗೆ ಹೋಗಿ ನಿಂತ.
ಹನ್ನೆರಡು ಹೆಜ್ಜೆ.
ಅಷ್ಟಕ್ಕೆ ಒಬ್ಬ ಹೆಣ್ಣುಮಗಳ ನಿರ್ಧಾರ ಹೊರಳಿಬಿಟ್ಟಿತು.

ಕತೆಗಳಲ್ಲಿ ಗೆರೆ ಕೊರೆಯುವುದು ಹೆಣ್ಣಿನ ಕಾಲ ಮುಂದೆ.
ಈ ಗೆರೆ ಹಾಗಲ್ಲ,
ಅವಳು ನಡೆದದ್ದೇ ಗೆರೆ.
ದಾಟಬಾರದವನು ನೋಡುವವನು.

‘ಉಲ್ಟಾ ಹಾಕ್ರಿ ಅಕ್ಕ,’ ಅಂದ ಫೋನಿನಲ್ಲಿ,
‘ಕನ್ನಡಿ ಹಿಡದಂಗ. ಒಂದ ಬಟನ್ ಅದ.’
ಒತ್ತಿದೆ. ಬಲಕ್ಕೆ ನಡೆದಳು, ನಿಜ.
ಆದರೆ ಸೆರಗು ಹೆಗಲು ಬದಲಿಸಿತು,
ಮೂಗುತಿ ಆ ಬದಿಗೆ ಹಾರಿತು,
ಲಾರಿಗಳು ಯಾವುದೋ ಪರದೇಶದಲ್ಲಿ ಓಡಿದವು.
ಬಸ್ಸಿನ ಬೋರ್ಡಿನ ಮೇಲೆ ‘ಮಾನ್ವಿ’ಯೆಂಬ ಊರು
ಮಕಾಡೆ ಮಲಗಿ ಎದ್ದಂತೆ.

‘ಮತ್ತ ನಾ ಓದಿದ್ದು ಉರ್ದು ಸಾಲ್ಯಾಗ್ರಿ,
ಬಲದಿಂದ ಎಡಕ್ಕ ಹೋದ್ರೂ ನಮಗ ಮುಂದ ಹೋದಂಗನ.’
ಇರಲಿ ಮಾರಾಯ. ಎಡ ಬಲದ ಜಗಳವಲ್ಲ.
ನಿನ್ನ ಉರ್ದು ಸಾಲು ಕೂಡ
ನಡುಮಾತಿನಲ್ಲಿ ತಿರುಗಿ ನಡೆಯುವುದಿಲ್ಲ.

ಇನ್ನೊಮ್ಮೆ ತೆಗೆಯೋಣವೆಂದು ಅವಳಿಗೇ ಹಚ್ಚಿದೆ.
ಹಿಂದೆ ಅಕ್ಕಿ ಗಿರಣಿಯ ಸದ್ದು.
‘ಒಂದ್ಸಲ ಹೋಗೀನಲ್ರಿ,’ ಅಂದಳು.
‘ಎಷ್ಟ್ ಸಲ ಹೋಗ್ಲಿ?’
ನಗುತ್ತ ಅಂದಳೋ ಇಲ್ಲವೋ, ಗಿರಣಿಯ ಸದ್ದಿನಲ್ಲಿ ತಿಳಿಯಲಿಲ್ಲ.

ರಾತ್ರಿ, ಬೇಡದ್ದನ್ನು ಅಳಿಸುವಾಗ ಸಿಕ್ಕಿತು:
ಮೌಲಾಲಿ ಬಂದ್ ಮಾಡಲು ಮರೆತ ಒಂಬತ್ತು ಸೆಕೆಂಡು.
ಕುಣಿಯುವ ಡಾಂಬರು, ಅವನ ಚಪ್ಪಲಿ, ಒಂದು ತುಂಡು ಆಕಾಶ,
ಆಮೇಲೆ ರಸ್ತೆಯ ನಟ್ಟನಡುವೆ, ನೇರ ಎದುರಿಗೆ, ಅವಳು.
ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.
ನಮ್ಮ ಮೇಲೇ ನಡೆದು ಬರುತ್ತಾಳೆ,
ಶಾಟ್ ಮುಗಿದಿದೆಯೆಂದು ತಿಳಿದವಳು,
ಬೆವರು ಒರೆಸಿಕೊಳ್ಳುತ್ತ, ಚೀಲದ ಕೈ ಬದಲಿಸುತ್ತ,
ಯಾರಿಗಾಗಿಯೂ ಅಲ್ಲದ ಮುಖದಲ್ಲಿ.
ಮತ್ತೆ ಅಲುಗಾಟ. ಬೇವಿನ ಟೊಂಗೆ. ನೆರಳು.

ಆರಕ್ಕೂ ಏಳಕ್ಕೂ ನಡುವೆ ಅದನ್ನು ಹಾಗೇ ಇಟ್ಟೆ,
ಅಲುಗಾಟ ಸಮೇತ.
ಈಗ ಅವಳು ಬಲದಿಂದ ಎಡಕ್ಕೆ ನಡೆಯುತ್ತಾಳೆ.
ಆದರೆ ಈಗ ನಾವೂ ರಸ್ತೆ ದಾಟಿದ್ದೇವೆ,
ಅಂಗಾಲಿಗೆ ಡಾಂಬರು ತಾಗಿದೆ.

ಬೆಳಿಗ್ಗೆ ಅಯ್ಯಣ್ಣನನ್ನು ನಿಲ್ಲಿಸಿ ತೋರಿಸಿದೆ.
ಕೆಟಲು ಕೆಳಗಿಡದೆ ನೋಡಿದ.
‘ಎತ್ತ ಹೊಂಟಾಳ ಹೇಳು.’
‘ಹೊಂಟಾಳ ನೋಡ್ರಿ.’
‘ಎತ್ತ?’
‘ಅದು ಆಕಿಗೆ ಗೊತ್ತು,’ ಅಂದ,
ನಿನ್ನೆಯ ನಾಲ್ಕು ಚಹಾ ಗೋಡೆಯ ಮೇಲೆ ಬರೆದು
ಮೆಟ್ಟಿಲಿಳಿದ.